ಕೌಬಾಯ್‌ಗಳ ಬೆನ್ನ ಹಿಂದಿನ ಗುಡ್ಡಗಳು



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒಂದು ವಿಚಿತ್ರವಾದ ಹವ್ಯಾಸವಿದೆ. ಸುಮಾರು ನೂರು ವರ್ಷಗಳ ಹಿಂದಿನ ಮೂಕಿ ಕೌಬಾಯ್ ಚಿತ್ರಗಳನ್ನು ಅವನು ಸಂಗ್ರಹಿಸುತ್ತಾನೆ. ಚಾಪ್ಲಿನ್ನನ ಚಿತ್ರಗಳಂತೆ ಜಗತ್ತೇ ಬಲ್ಲ ಚಿತ್ರಗಳಲ್ಲ. ಅಲ್ಲಿಯ ಜನರೇ ಹೆಸರು ಕೇಳಿರದ ನಟರು, ಮುಳುಗಿಹೋದ ಕಂಪನಿಗಳು, ಒಂದು ವಾರ ಓಡಿ ಮೂಲೆ ಸೇರಿದ ಚಿತ್ರಗಳು. ಅವನ ಹೆಂಡತಿ ಮಕ್ಕಳು ಇದನ್ನು ಕಂಡು ನಗುತ್ತಾರಂತೆ. "ಸಾರ್, ನೀವೇ ಹೇಳಿ, ಇದು ಹುಚ್ಚಾ?" ಎಂದು ಕಳೆದ ತಿಂಗಳು ಬರೆದು ಕೇಳಿದ. ಹುಚ್ಚಲ್ಲವೆಂದು ಎರಡು ಸಾಲಿನ ಉತ್ತರ ಬರೆಯಲು ಕುಳಿತೆ. ಅದು ಬೆಳೆಯುತ್ತ ಹೋಯಿತು. ಅವನೊಬ್ಬನೇ ಏಕೆ ಓದಬೇಕೆಂದು ಇಲ್ಲಿ ಪ್ರಕಟಿಸುತ್ತಿದ್ದೇನೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಕುಳಿತ ಈ ಮೇಷ್ಟ್ರಿಗೂ ಕೌಬಾಯ್‌ಗಳಿಗೂ ಏನು ಸಂಬಂಧವೆಂದು ಹುಬ್ಬೇರಿಸುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಕುದುರೆ, ಬಂದೂಕು, ದರೋಡೆ, ಬೆನ್ನಟ್ಟುವಿಕೆ ಇವುಗಳನ್ನು ಅಮೆರಿಕದವರು ಸಿನಿಮಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಪರದೆಗೆ ತಂದರು. ಎಡ್ವಿನ್ ಪೋರ್ಟರ್ 1903ರಲ್ಲಿ ತೆಗೆದ ರೈಲು ದರೋಡೆಯ ಚಿತ್ರ ಹನ್ನೆರಡು ನಿಮಿಷದ್ದು. ಅದರಲ್ಲಿ ಒಬ್ಬ ಡಕಾಯಿತ ನೇರವಾಗಿ ನೋಡುಗರತ್ತಲೇ ಪಿಸ್ತೂಲು ಗುರಿಯಿಟ್ಟು ಹಾರಿಸುತ್ತಾನೆ. ಮುಂದೆ ವಿಲಿಯಂ ಹಾರ್ಟ್, ಟಾಮ್ ಮಿಕ್ಸ್, ಹ್ಯಾರಿ ಕ್ಯಾರಿ ಮೊದಲಾದವರು ಬಂದರು. ಟಾಮ್ ಮಿಕ್ಸ್ ಒಬ್ಬನೇ ಮುನ್ನೂರರ ಹತ್ತಿರ ಚಿತ್ರಗಳಲ್ಲಿ ನಟಿಸಿದ. ಇವು ನಮ್ಮಲ್ಲಿಗೂ ಬಂದವು. ಭಾರತದ ಸಿನಿಮಾ ಸ್ಥಿತಿಯನ್ನು ವಿಚಾರಿಸಲು 1927-28ರಲ್ಲಿ ದಿವಾನ್ ಬಹದ್ದೂರ್ ಟಿ. ರಂಗಾಚಾರಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾದಾಗ, ಇಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ಬಹುಪಾಲು ಅಮೆರಿಕದವೇ ಆಗಿದ್ದವು. ನಮ್ಮ ಚಿಕ್ಕತಾತ ಮೈಸೂರಿನಲ್ಲಿ ಓದುತ್ತಿದ್ದಾಗ ಎಡ್ಡಿ ಪೋಲೊ ಎಂಬ ಸಾಹಸಿಯ ಚಿತ್ರ ನೋಡಲು ಊಟದ ದುಡ್ಡು ಉಳಿಸುತ್ತಿದ್ದರಂತೆ. ಎಂಬತ್ತು ದಾಟಿದ ಮೇಲೂ ಅವರಿಗೆ ದೇವರನಾಮಗಳಷ್ಟೇ ಸಲೀಸಾಗಿ ಎಡ್ಡಿ ಪೋಲೊವಿನ ಹೆಸರೂ ಬಾಯಿಗೆ ಬರುತ್ತಿತ್ತು.

ಇಷ್ಟೊಂದು ತಯಾರಾದ ಸರಕು ಎಲ್ಲಿ ಹೋಯಿತು? ಸುಟ್ಟುಹೋಯಿತು, ಕೊಳೆಯಿತು, ಕರಗಿತು. ಆ ಕಾಲದ ಫಿಲಂ ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. ಫಾಕ್ಸ್ ಕಂಪನಿಯ ಉಗ್ರಾಣಕ್ಕೆ 1937ರಲ್ಲಿ ನ್ಯೂಜೆರ್ಸಿಯಲ್ಲಿ ಬೆಂಕಿ ಬಿದ್ದು ಅದರ ಮೂಕಿ ಚಿತ್ರಗಳಲ್ಲಿ ಬಹುಭಾಗ ಒಂದೇ ದಿನದಲ್ಲಿ ಬೂದಿಯಾಯಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗೆ ಅಲ್ಲಿ ತಯಾರಾದ ಪೂರ್ಣಾವಧಿ ಮೂಕಿ ಚಿತ್ರಗಳು 10,919. ಮೂಲ ರೂಪದಲ್ಲಿ ಉಳಿದಿರುವುದು ಶೇಕಡಾ 14 ಮಾತ್ರ. ಇನ್ನು ಶೇಕಡಾ 11ರಷ್ಟು ವಿದೇಶೀ ಪ್ರತಿಗಳಾಗಿಯೋ, ಸಣ್ಣ ಅಳತೆಯ ಕಳಪೆ ಪ್ರತಿಗಳಾಗಿಯೋ ಉಳಿದಿವೆ.

ಆ ಸಣ್ಣ ಅಳತೆಯ ಪ್ರತಿಗಳೆಂದರೆ ಮನೆಯಲ್ಲಿ ನೋಡಲೆಂದು ತಯಾರಿಸಿದ 16 ಮಿಲಿಮೀಟರ್, 9.5 ಮಿಲಿಮೀಟರ್ ಸುರುಳಿಗಳು. ದೊಡ್ಡ ಕಂಪನಿಗಳು ಕೈಬಿಟ್ಟ ಎಷ್ಟೋ ಚಿತ್ರಗಳನ್ನು ಉಳಿಸಿದವರು ಅಟ್ಟದ ಮೇಲೆ ಇವುಗಳನ್ನು ಜೋಪಾನವಾಗಿಟ್ಟುಕೊಂಡಿದ್ದ ಗುಮಾಸ್ತರು, ಮೇಷ್ಟ್ರುಗಳು, ಅಂಚೆಯವರು. ದೂರದ ಊರುಗಳ ಆಲಸ್ಯವೂ ಕೆಲವನ್ನು ಉಳಿಸಿತೆನ್ನಬಹುದು. ಕೆನಡಾದ ಡಾಸನ್ ಎಂಬ ಊರಿಗೆ ಚಿತ್ರಗಳು ಕಟ್ಟಕಡೆಗೆ ತಲುಪುತ್ತಿದ್ದವು. ಅಲ್ಲಿಂದ ಹಿಂದಕ್ಕೆ ಕಳಿಸುವ ಖರ್ಚಿಗೆ ಬೇಸತ್ತು ಅವನ್ನು ಹಳೆಯ ಈಜುಕೊಳದ ಗುಂಡಿಗೆ ತುಂಬಿ ಮಣ್ಣು ಮುಚ್ಚಿದ್ದರು. 1978ರಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆದಾಗ ಹಿಮಗಟ್ಟಿದ ಮಣ್ಣಿನಿಂದ ಐನೂರಕ್ಕೂ ಹೆಚ್ಚು ಸುರುಳಿಗಳು ಹೊರಬಂದವು. ಜಾನ್ ಫೋರ್ಡ್ ಮುಂದೆ ಮಹಾನಿರ್ದೇಶಕನೆನಿಸಿಕೊಂಡವನು. ಅವನು 1917ರಲ್ಲಿ ತೆಗೆದ ಒಂದು ಕೌಬಾಯ್ ಚಿತ್ರ ಸಿಕ್ಕಿದ್ದು ಚೆಕೊಸ್ಲೊವಾಕಿಯಾದಲ್ಲಿ, ಅದೇ ವರ್ಷದ ಇನ್ನೊಂದು ಸಿಕ್ಕಿದ್ದು ಫ್ರಾನ್ಸಿನಲ್ಲಿ.

ಆದ್ದರಿಂದ ಸಂಗ್ರಾಹಕರ ಮೊದಲ ಆಕರ್ಷಣೆ ದುರ್ಲಭತೆಯೇ ಎನ್ನುವುದರಲ್ಲಿ ಸಂಶಯವಿಲ್ಲ. ಯಾರಲ್ಲೂ ಇಲ್ಲದ್ದು ನನ್ನಲ್ಲಿರಬೇಕೆಂಬ ಆಸೆ ಅಂಚೆಚೀಟಿ ಕೂಡಿಡುವ ಹುಡುಗರಿಗೂ ಉಂಟು. ನನಗೆ ಅದರಲ್ಲಿ ಅಷ್ಟು ಗೌರವವಿಲ್ಲ. ಒಂದು ವಸ್ತು ಅಪರೂಪವೆಂಬ ಮಾತ್ರಕ್ಕೆ ಬೆಲೆಯುಳ್ಳದ್ದಾಗುವುದಾದರೆ ನನ್ನ ತರಗತಿಯಲ್ಲಿ ಸರಿಯುತ್ತರಗಳಿಗೆ ಬಹಳ ಬೆಲೆ ಬರಬೇಕಾಗಿತ್ತು.

ಕಥೆಯ ಸೊಗಸಿಗಾಗಿಯೂ ಯಾರೂ ಇವನ್ನು ಹುಡುಕುವುದಿಲ್ಲ. ನನ್ನ ಶಿಷ್ಯ ಕಳಿಸಿದ ನಾಲ್ಕಾರು ಚಿತ್ರಗಳನ್ನು ನಾನು ನೋಡಿದೆ. ಕಥೆ ಎಲ್ಲದರಲ್ಲೂ ಒಂದೇ. ಒಳ್ಳೆಯವನು ಕೊನೆಗೆ ಗೆಲ್ಲುತ್ತಾನೆ, ಕುದುರೆ ಎಂದೂ ದಣಿಯುವುದಿಲ್ಲ, ಆ ನೆಲದ ಮೂಲನಿವಾಸಿಗಳು ಬಹುತೇಕ ಕಿರುಚಿಕೊಂಡು ಬಂದು ಬಿದ್ದು ಸಾಯುವುದಕ್ಕೇ ಇದ್ದಾರೆ. ಈ ಕೊನೆಯದು ಮನಸ್ಸಿಗೆ ಕಸಿವಿಸಿ ಉಂಟುಮಾಡುತ್ತದೆ. ಮೂರನೆಯ ಚಿತ್ರದ ಹೊತ್ತಿಗೆ ನಾನು ಕಥೆಯನ್ನು ಬಿಟ್ಟು ಹಿಂದಿನ ಗುಡ್ಡಗಳನ್ನು ನೋಡತೊಡಗಿದ್ದೆ. ಬೇಲಿಯಿಲ್ಲದ ಬಯಲು, ಟಾರು ಕಾಣದ ರಸ್ತೆಯ ಧೂಳು, ಹಲಗೆಯ ಅಂಗಡಿಯ ಮುಂದೆ ನಿಜವಾದ ದನಗಾಹಿಗಳು ಕೂರುವ ರೀತಿ, ಕ್ಯಾಮೆರಾ ಇದೆಯೆಂಬುದನ್ನು ಮರೆತು ಮೂಗು ಒರೆಸಿಕೊಳ್ಳುವ ಒಬ್ಬ ಮುದುಕ. ಇದಾವುದನ್ನೂ ನಿರ್ದೇಶಕ ತೆಗೆಯಬೇಕೆಂದು ತೆಗೆದದ್ದಲ್ಲ. ಅವನಿಗೆ ಬೇಕಾದ್ದು ಡಕಾಯಿತ. ಆ ಡಕಾಯಿತ ಇಂದು ನಗೆಪಾಟಲಿಗೆ ಈಡಾಗಿದ್ದಾನೆ. ಮುದುಕನೂ ಗುಡ್ಡವೂ ದಾಖಲೆಗಳಾಗಿವೆ. ದೊಡ್ಡ ಬಂಡವಾಳದ ಚಿತ್ರಗಳಲ್ಲಿ ಊರನ್ನೂ ಬೀದಿಯನ್ನೂ ಸ್ಟುಡಿಯೋದಲ್ಲೇ ಕಟ್ಟಿಸಿಬಿಡುತ್ತಿದ್ದರು. ಬಡ ಕಂಪನಿಗೆ ಆ ಶಕ್ತಿಯಿಲ್ಲದೆ ಬಯಲಿಗೇ ಹೋಗಿ ಸಿಕ್ಕವರನ್ನೇ ನಿಲ್ಲಿಸಬೇಕಾಗುತ್ತಿತ್ತು. ಹೆಸರಿಲ್ಲದ ಚಿತ್ರಗಳ ಸೆಳೆತ ಇರುವುದು ಆ ಬಡತನದಲ್ಲೇ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 'ದ ಡಾಟರ್ ಆಫ್ ಡಾನ್' ಎಂಬ ಮೂಕಿ ಚಿತ್ರವನ್ನು 1920ರಲ್ಲಿ ಒಕ್ಲಹೋಮ ರಾಜ್ಯದ ವಿಚಿಟಾ ಗುಡ್ಡಗಳಲ್ಲಿ ತೆಗೆದರು. ನಿರ್ದೇಶಕ ನಾರ್ಬರ್ಟ್ ಮೈಲ್ಸ್. ಕಥೆ ಸಾಧಾರಣವಾದ ಪ್ರೇಮಕಥೆ. ಆದರೆ ಪಾತ್ರಧಾರಿಗಳೆಲ್ಲ ಕೈಯೊವಾ ಮತ್ತು ಕೊಮಾಂಚಿ ಬುಡಕಟ್ಟುಗಳ ಜನ, ಮುನ್ನೂರಕ್ಕೂ ಹೆಚ್ಚು ಮಂದಿ. ಅವರು ತಮ್ಮ ಮನೆಗಳಿಂದಲೇ ಬಟ್ಟೆ, ಕುದುರೆ, ಗುಡಾರಗಳನ್ನು ತಂದಿದ್ದರು. ಆ ಹೊತ್ತಿಗೆ ಸರ್ಕಾರ ಅವರನ್ನು ಮೀಸಲು ನೆಲಗಳಿಗೆ ಒಕ್ಕಲೆಬ್ಬಿಸಿ, ಅವರ ಕುಣಿತಗಳನ್ನೂ ಆಚರಣೆಗಳನ್ನೂ ತಡೆಯುತ್ತಿದ್ದ ಕಾಲ. ಚಿತ್ರ ಕೆಲವೇ ಪ್ರದರ್ಶನಗಳನ್ನು ಕಂಡು ಮರೆಯಾಯಿತು. ಎಂಬತ್ತೈದು ವರ್ಷಗಳ ನಂತರ ಉತ್ತರ ಕೆರೊಲಿನಾದಲ್ಲಿ ಒಬ್ಬ ಖಾಸಗಿ ಪತ್ತೇದಾರನಿಗೆ, ಮಾಡಿದ ಕೆಲಸಕ್ಕೆ ಹಣದ ಬದಲು ಐದಾರು ಡಬ್ಬಿ ಹಳೆಯ ಫಿಲಂ ಸಿಕ್ಕಿತು. ಅದೇ ಈ ಚಿತ್ರ. ಒಕ್ಲಹೋಮದ ಇತಿಹಾಸ ಸಂಘ ಅದನ್ನು ಕೊಂಡು ಸರಿಪಡಿಸಿ 2012ರಲ್ಲಿ ತೋರಿಸಿತು. ಕೈಯೊವಾ ಹಿರಿಯರೊಬ್ಬರು ಆ ಪರದೆಯ ಮೇಲೆ ತಮ್ಮ ತಾಯಿಯನ್ನು, ಎಳೆಯ ಹೆಣ್ಣಾಗಿದ್ದ ತಾಯಿಯನ್ನು, ಗುರುತಿಸಿದರು. ಮರುವರ್ಷವೇ ಅಮೆರಿಕ ಅದನ್ನು ತನ್ನ ರಾಷ್ಟ್ರೀಯ ಚಲನಚಿತ್ರಗಳ ಪಟ್ಟಿಗೆ ಸೇರಿಸಿತು.

ನಮ್ಮ ಕಡೆಗೆ ಬರೋಣ. ಮೂಕಿ ಚಿತ್ರ ತೆಗೆದವರು ನಮ್ಮಲ್ಲಿ ಇರಲಿಲ್ಲವೆಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲಂ ಕಂಪನಿಯಿಂದ ಒಂದರ ಹಿಂದೊಂದು ಸಾಹಸ ಚಿತ್ರಗಳು ಬರುತ್ತಿದ್ದವು. ಗುಬ್ಬಿ ವೀರಣ್ಣನವರು ಬೆಲ್ಜಿಯಂ ದೇಶದ ರಫೇಲ್ ಅಲ್ಗೋಟ್ ಎಂಬುವನ ನಿರ್ದೇಶನದಲ್ಲಿ 1931ರಲ್ಲಿ 'ಹಿಸ್ ಲವ್ ಅಫೇರ್' ಎಂಬ ಚಿತ್ರ ತೆಗೆದು ತಾವೇ ನಾಯಕರಾದರು. ಮೋಹನ್ ಭವನಾನಿಯವರ 'ಮೃಚ್ಛಕಟಿಕ'ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ನಮ್ಮ ಟಿ. ಪಿ. ಕೈಲಾಸಂ ಅವರೂ ಅಭಿನಯಿಸಿದ್ದರು. ಕೈಲಾಸಂ ನಡೆದಾಡುವುದನ್ನು ನೋಡುವ ಭಾಗ್ಯ ನನಗಿಲ್ಲ, ನಿಮಗೂ ಇಲ್ಲ. ಇಡೀ ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸುಮಾರು 1,300 ಎಂದು ಲೆಕ್ಕ. ತುಂಡುಗಳೂ ಸೇರಿ ಉಳಿದಿರುವವು ಮೂವತ್ತರ ಆಸುಪಾಸು. ಮೂಕಿಗಳ ಮಾತಿರಲಿ, 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಕೂಡ ಇಂದು ಇಲ್ಲ. ಹಳೆಯ ಫಿಲಂ ಕಾಯಿಸಿದರೆ ಬೆಳ್ಳಿ ಸಿಗುತ್ತದೆಂದು ತೂಕಕ್ಕೆ ಮಾರಿದರು, ಬಳೆ ಮಾಡುವವರಿಗೂ ಕೊಟ್ಟರು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದ ಮೇಲೆ ಪಿ. ಕೆ. ನಾಯರ್ ಎಂಬ ಪುಣ್ಯಾತ್ಮರು ಊರೂರು ಅಲೆದು ಫಾಲ್ಕೆಯವರ ಚಿತ್ರಗಳನ್ನೂ ಇನ್ನೆಷ್ಟನ್ನೋ ಕಾಪಾಡಿದರು. ಅಲ್ಲಿಯೂ 2003ರ ಜನವರಿಯಲ್ಲಿ ನೈಟ್ರೇಟ್ ಸುರುಳಿಗಳ ಕೋಣೆಗೆ ಬೆಂಕಿ ಬಿದ್ದು ಅಪಾರವಾದ ನಷ್ಟವಾಯಿತು.

ಹಾಳುಮಾಡಿದವರನ್ನು ಬೈಯುವ ಅಧಿಕಾರ ನಮ್ಮ ತಲೆಮಾರಿಗೆ ಅಷ್ಟಾಗಿ ಇಲ್ಲ. ಟೂರಿಂಗ್ ಟಾಕೀಸಿನ ಡೇರೆಯ ಹಿಂದೆ ಬೀಳುತ್ತಿದ್ದ ಫಿಲಂ ತುಂಡುಗಳಿಗಾಗಿ ನಾವು ಹುಡುಗರು ಜಗಳವಾಡುತ್ತಿದ್ದೆವು. ಕೆಟ್ಟ ಬಲ್ಬಿನ ತಲೆ ಒಡೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲನ್ನು ಹಾಯಿಸಿ, ಕತ್ತಲೆ ಕೋಣೆಯಲ್ಲಿ ಅಪ್ಪನ ಪಂಚೆಯ ಮೇಲೆ ನಮ್ಮದೇ ಸಿನಿಮಾ ತೋರಿಸುತ್ತಿದ್ದೆವು. ಟಿಕೆಟ್ಟಿನ ದರ ಒಂದು ಹುಣಸೆಹಣ್ಣಿನ ಉಂಡೆ. ನನ್ನ ಬಳಿ ಇದ್ದ ಮೂವತ್ತು ತುಂಡುಗಳನ್ನು ದೀಪಾವಳಿಯ ಹೊತ್ತಿಗೆ ಸುರುಳಿ ಸುತ್ತಿ ಹೊತ್ತಿಸಿ ರಾಕೆಟ್ಟಿನಂತೆ ಹಾರಿಸಿದ್ದೂ ಉಂಟು.

ಇನ್ನು ನಮ್ಮ ಕಾಡಿನ ವಿಷಯ. ವೀರನಹೊಸಹಳ್ಳಿ ನಾಗರಹೊಳೆಯ ಹೆಬ್ಬಾಗಿಲು. ಇಲ್ಲಿಂದ ದಕ್ಷಿಣಕ್ಕೆ, ಹೆಗ್ಗಡದೇವನಕೋಟೆಯ ಕಡೆಗೆ ಕಾಕನಕೋಟೆ. ಮಾಸ್ತಿಯವರ ನಾಟಕದ ಹೆಸರಾಗಿ ನೀವು ಕೇಳಿರುವ ಊರು. ಖೆಡ್ಡಾ ನಡೆಯುತ್ತಿದ್ದುದು ಅಲ್ಲಿ. ನೂರಾರು ಜನ ತಮಟೆ ಬಡಿದು, ಬೆಂಕಿ ಹಾಕಿ ಕಾಡಾನೆಗಳ ಹಿಂಡನ್ನು ಕಪಿಲೆಯ ಹೊಳೆಗೆ ಇಳಿಸಿ, ದಾಟಿಸಿ, ದಿಮ್ಮಿಯ ದೊಡ್ಡಿಗೆ ನೂಕುತ್ತಿದ್ದರು. ಆಮೇಲೆ ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳನುಗ್ಗಿ ಹಗ್ಗ ಹಾಕುತ್ತಿದ್ದರು. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಆರಂಭಿಸಿದ ಈ ಪದ್ಧತಿಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಗಳಲ್ಲಿ ಕಬಿನಿ ಜಲಾಶಯ ತುಂಬಿ ಆ ಬಯಲುಗಳು, ಹಳ್ಳಿಗಳು, ಹಾಡಿಗಳು ನೀರಿನಡಿ ಸೇರಿದವು. ಮುಂದೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಂತೆ ಜೇನುಕುರುಬರೂ ಬೆಟ್ಟಕುರುಬರೂ ಕಾಡಿನಿಂದ ಹೊರಬರಬೇಕಾಯಿತು. ಖೆಡ್ಡಾ ನಿಂತದ್ದಕ್ಕೆ ನನಗೆ ದುಃಖವಿಲ್ಲ. ಮರಿಯಾನೆಗಳ ಕೂಗನ್ನು ಕೇಳಿದವರು ಯಾರೂ ದುಃಖಿಸಲಾರರು. ಆದರೆ ಆ ನೆಲ ಹೇಗಿತ್ತೆಂದು ಈಗ ಕಣ್ಣಾರೆ ನೋಡಲು ಹಳೆಯ ಫಿಲಂ ಬಿಟ್ಟರೆ ಬೇರೆ ದಾರಿಯಿಲ್ಲ.

ಇಂಥ ಫಿಲಮುಗಳಲ್ಲಿ ಎಲ್ಲರಿಗೂ ತಿಳಿದದ್ದು 'ಎಲಿಫೆಂಟ್ ಬಾಯ್', 1937ರದು. ಅದು ಮಾತಿನ ಚಿತ್ರವೇ. ಆದರೆ ಅದನ್ನು ತೆಗೆಯಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿ ಮೂಕಿ ಯುಗದವನು. ಎಸ್ಕಿಮೊ ಜನರ ಬಗೆಗಿನ 'ನಾನೂಕ್' (1922) ಚಿತ್ರದಿಂದ ಹೆಸರಾದವನು. ಅದಕ್ಕೂ ಮೊದಲು ತೆಗೆದಿದ್ದ ಮೂವತ್ತು ಸಾವಿರ ಅಡಿ ಫಿಲಮನ್ನು ಸಿಗರೇಟಿನ ಕಿಡಿ ಬೀಳಿಸಿ ತಾನೇ ಸುಟ್ಟುಕೊಂಡವನು. ಎಚ್. ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ಅದರ ನಾಯಕನಾಗಿ ಅಲ್ಲಿಂದ ಹಾಲಿವುಡ್ಡಿಗೆ ಹೋದದ್ದು ನೀವು ಓದಿರುವ ಕಥೆ. ಜೊತೆಗೆ ನಟಿಸಿದ ಆನೆ ಮಹಾರಾಜರ ಐರಾವತ. ಚಿತ್ರದ ಅರ್ಧವನ್ನು ಜೋಲ್ಟನ್ ಕೊರ್ಡ ಲಂಡನ್ನಿನ ಬಳಿಯ ಡೆನ್ಹಂ ಸ್ಟುಡಿಯೋದಲ್ಲಿ ತೆಗೆದ. ಇಂದು ನೋಡಿದರೆ ಆ ಅರ್ಧ ಹಲಗೆ, ಬಣ್ಣಗಳ ಆಟದಂತೆ ಕಾಣುತ್ತದೆ. ಮೈಸೂರಿನಲ್ಲಿ ತೆಗೆದ ಭಾಗಕ್ಕೆ ವಯಸ್ಸೇ ಆಗಿಲ್ಲ. ಬ್ರಿಟಿಷ್ ದೊರೆತನದ ಠೀವಿಯಿಂದ ಕೂಡಿದ ಚಿತ್ರವೆಂದು ಅದನ್ನು ಬಿಸಾಡಬೇಕೆನ್ನುವ ಪಂಡಿತರಿದ್ದಾರೆ. ಅವರ ಆಕ್ಷೇಪಣೆ ಸರಿಯಾದದ್ದೇ, ಬಿಸಾಡಬೇಕೆನ್ನುವುದಷ್ಟೇ ತಪ್ಪು.

ಶಿಷ್ಯ ಕಳಿಸಿದ ಡಿಸ್ಕನ್ನು ಹೋದ ಚಳಿಗಾಲದಲ್ಲಿ ಹತ್ತಿರದ ಹಾಡಿಯೊಂದಕ್ಕೆ ಕೊಂಡೊಯ್ದೆ. ನನ್ನ ಮೊಮ್ಮಗನ ಲ್ಯಾಪ್‌ಟಾಪನ್ನು ಜಗುಲಿಯ ಮೇಲಿಟ್ಟು ತೋರಿಸಿದೆವು. ಕೊನೆಯ ಖೆಡ್ಡಾದಲ್ಲಿ ಹುಡುಗನಾಗಿ ಕಾವಾಡಿಗಳ ಜೊತೆ ಹಗ್ಗ ಹೊತ್ತಿದ್ದ ಒಬ್ಬ ಅಜ್ಜ ಮುಂದೆ ಕುಳಿತಿದ್ದ. ಕಥೆಯ ಕಡೆಗೆ ಅವನ ಗಮನವೇ ಇಲ್ಲ. ಸಾಬು ಆನೆಯ ಮೇಲೆ ಕುಳಿತ ಕೂಡಲೇ, "ಇವ್ನು ನಮ್ ಹುಡ್ಗ ಕಣ್ ಮೇಷ್ಟ್ರೆ. ಕಾಲ್ ಬೆರಳು ನೋಡಿ, ಕಿವಿ ಹಿಂದೆ ಹೆಂಗಿಟ್ಟವ್ನೆ. ಇದು ಹೇಳ್ಕೊಟ್ರೆ ಬರೋದಲ್ಲ" ಎಂದ. ಆಮೇಲೆ ಹಿಂದೆ ನಿಂತವರು, ನಡೆದು ಹೋಗುವವರು, ಹೊಳೆಯ ಅಂಚಿನಲ್ಲಿ ಕಾಣುವವರು ಬಂದಾಗಲೆಲ್ಲ "ನಿಲ್ಸಿ, ನಿಲ್ಸಿ" ಎನ್ನುತ್ತಿದ್ದ. ನಿಲ್ಲಿಸುತ್ತಿದ್ದೆವು. ಮುಖವನ್ನು ಹತ್ತಿರಕ್ಕೆ ತಂದು ನೋಡುತ್ತಿದ್ದ. ಒಬ್ಬರ ಗುರುತೂ ಸಿಗಲಿಲ್ಲ. ಕೊನೆಗೆ, "ನಮ್ಮಪ್ಪ ಇದ್ದಾಗ ತಂದಿದ್ರೆ ಒಬ್ಬೊಬ್ರ ಹೆಸ್ರೂ ಹೇಳ್ತಿದ್ದ" ಎಂದು ಎದ್ದುಹೋದ. ಚಿತ್ರ ಇನ್ನೂ ಅರ್ಧ ಇತ್ತು. ಮಕ್ಕಳು ಮುಂದಕ್ಕೆ ನೋಡಿದರು.

ಅಜ್ಜನ ಆ ಮಾತು ನನ್ನನ್ನು ಬಿಟ್ಟಿಲ್ಲ. ಒಕ್ಲಹೋಮದ ಚಿತ್ರ ಕಳೆದುಹೋಗಿತ್ತು, ಆದರೂ ಗುರುತಿಸುವವರು ಬದುಕಿರುವಾಗಲೇ ಸಿಕ್ಕಿತು. ನಮ್ಮ ಚಿತ್ರ ಒಂದು ದಿನವೂ ಕಳೆದುಹೋಗಿರಲಿಲ್ಲ. ವೆನಿಸ್ಸಿನಲ್ಲಿ ಪ್ರಶಸ್ತಿ ಪಡೆದು ಲೋಕವೆಲ್ಲ ಸುತ್ತಿತು, ಗುರುತಿಸಬಲ್ಲವರ ಜಗುಲಿಗೆ ಮಾತ್ರ ಎಂಬತ್ತು ವರ್ಷ ಬರಲಿಲ್ಲ. 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತರ ಮೇಲಿನವರು. ಹಳೆಯ ಖೆಡ್ಡಾದ ಚಿತ್ರಗಳು, ಮುಳುಗಿದ ಹಳ್ಳಿಗಳ ಚಿತ್ರಗಳು ಎಲ್ಲಿ ಸಿಕ್ಕರೂ ಅವರ ಮುಂದೆ ಇಡಲು ಉಳಿದಿರುವ ಕಾಲ ಬಹಳವಿಲ್ಲ.

ಆದ್ದರಿಂದಲೇ ಸಂಗ್ರಹಿಸಿ ಬೀಗ ಹಾಕಿಡುವವರನ್ನು ಕಂಡರೆ ನನಗೆ ಸಿಟ್ಟು. ಪ್ರತಿ ಮಾಡಲು ಕೊಟ್ಟರೆ ತನ್ನದು ಒಂದೇ ಪ್ರತಿಯೆಂಬ ಹೆಮ್ಮೆ ಹೋಗುತ್ತದೆಂದು ಡಬ್ಬಿಯಲ್ಲೇ ಕೊಳೆಯಲು ಬಿಡುವವನಿಗೂ ಬೆಳ್ಳಿಗಾಗಿ ಕಾಯಿಸಿದವನಿಗೂ ಯಾವ ವ್ಯತ್ಯಾಸವೂ ಇಲ್ಲ. ಕಾಯಿಸಿದವನಿಗೆ ಹಸಿವಾದರೂ ಇದ್ದೀತು. ನನ್ನ ಶಿಷ್ಯ ಹಾಗಲ್ಲ. ತನ್ನಲ್ಲಿರುವುದನ್ನೆಲ್ಲ ಕೇಳಿದವರಿಗೆ ಪ್ರತಿ ಮಾಡಿ ಕಳಿಸುತ್ತಾನೆ. ಅವನ ಹೆಂಡತಿ ಈ ಬರಹವನ್ನು ಓದುತ್ತಿದ್ದರೆ, ತಾಯೀ, ನಿನ್ನ ಗಂಡನಿಗೆ ಇನ್ನೊಂದು ಬೀರು ಕೊಡಿಸಮ್ಮ.

ಉಳಿದವರಿಗೆ ಒಂದು ವಿನಂತಿ. ನಿಮ್ಮಲ್ಲಿ ಕೆಲವರ ತಂದೆ, ತಾತಂದಿರು ಅರಣ್ಯ ಇಲಾಖೆಯಲ್ಲಿದ್ದರು. ಕೆಲವರು ಕೊಡಗಿನ ತೋಟಗಳಲ್ಲಿ, ಅರಮನೆಯ ಕಚೇರಿಗಳಲ್ಲಿ ಕೆಲಸ ಮಾಡಿದವರ ಮಕ್ಕಳು. 8 ಮಿಲಿಮೀಟರ್ ಕ್ಯಾಮೆರಾ ಇಟ್ಟುಕೊಂಡಿದ್ದವರು ಆ ಕಾಲದಲ್ಲೂ ಇದ್ದರು. ಅಟ್ಟದ ಮೇಲೆ ತಗಡಿನ ಡಬ್ಬಿ ಸಿಕ್ಕರೆ ಗುಜರಿಗೆ ಹಾಕಬೇಡಿ. ತೆರೆದಾಗ ಹುಳಿಯ ಘಾಟು ಬಂದರೆ ಫಿಲಂ ಕೆಡಲಾರಂಭಿಸಿದೆ ಎಂದರ್ಥ. ಕುತೂಹಲಕ್ಕೆ ಹಳೆಯ ಪ್ರೊಜೆಕ್ಟರಿಗೆ ಹಾಕಿ ಓಡಿಸಬೇಡಿ, ಹರಿದುಹೋಗುತ್ತದೆ. ತಣ್ಣಗೆ, ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಂದ ಡಿಜಿಟಲ್ ಪ್ರತಿ ಮಾಡಿಸಿ. ಡಬ್ಬಿಯ ಮೇಲಿನ ಬರಹವನ್ನು, ಅದು ಬರೀ ಒಂದು ಇಸವಿಯೇ ಆಗಿದ್ದರೂ, ಅಳಿಸಬೇಡಿ. ಪ್ರತಿಯನ್ನು ನನಗೆ ಕಳಿಸಿದರೆ ಹಾಡಿಗೆ ಕೊಂಡೊಯ್ಯುವ ಹೊಣೆ ನನ್ನದು.

ಪ್ರತಿ ವರ್ಷ ದಸರೆಗೆ ಮುನ್ನ ಗಜಪಯಣ ನಮ್ಮೂರಿನಿಂದ ಹೊರಡುವಾಗ ಟಿವಿಯವರೂ ಮೊಬೈಲಿನವರೂ ಸೇರಿ ಸಾವಿರಾರು ಕ್ಯಾಮೆರಾಗಳು ಇಲ್ಲಿಗೆ ಬರುತ್ತವೆ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಆನೆಗಳ ಹೆಸರು ನಿಮ್ಮ ಮಕ್ಕಳಿಗೂ ಬಾಯಿಪಾಠ. ಈ ಸಲ ಬಂದವರು ಫೋಟೋ ತೆಗೆದಾದ ಮೇಲೆ ಆನೆಯ ಕತ್ತಿನ ಮೇಲೆ ಕುಳಿತವನ ಹೆಸರನ್ನೂ, ಪಕ್ಕದಲ್ಲಿ ಸೊಪ್ಪು ಹಿಡಿದು ನಡೆಯುವ ಕಾವಾಡಿಯ ಹೆಸರನ್ನೂ, ಅವರ ಹಾಡಿ ಯಾವುದೆಂಬುದನ್ನೂ ಕೇಳಿ ಬರೆದುಕೊಳ್ಳಿ. ಕೇಳಿದರೆ ಅವರು ಸಂಕೋಚದಿಂದ ನಗುತ್ತಾರೆ, ಆದರೆ ಹೇಳುತ್ತಾರೆ.